ಎಲ್ಲೆಗಲ್ಲಿನ ಸಾಕ್ಷ್ಯ



ಧರ್ಮವಿಚಾರಕ್ಕೆ ಮೀಸಲಾದ ಈ ಪುಟಗಳಲ್ಲಿ ಹೊಲದ ಮೂಲೆಯ ಒಂದು ಕಲ್ಲಿನ ಮಾತೇಕೆ ಎಂದು ತಾವು ಕೇಳಬಹುದು. ಅದು ನ್ಯಾಯವಾದ ಪ್ರಶ್ನೆಯೇ ಸರಿ. ಸ್ಥಾವರಕ್ಕಿಂತ ಜಂಗಮ ಹಿರಿದೆಂದು ಸಾರಿದ ಶರಣರ ಪರಂಪರೆ ನಮ್ಮದು. ಕಲ್ಲನ್ನು ದೇವರೆಂದು ನಂಬಿ ಕೆಟ್ಟವರನ್ನು ಕಂಡು ಮರುಗಿದವರ ಮಕ್ಕಳು ನಾವು. ಕರಸ್ಥಲದ ಇಷ್ಟಲಿಂಗವನ್ನು ಬಿಟ್ಟು ಹೊರಗಿನ ಶಿಲೆಗೆ ಕೈಮುಗಿಯಬೇಕಾದ ಅಗತ್ಯ ನಮಗಿಲ್ಲ. ಹೀಗಿರುವಾಗ ಹಳೆಯ ಎಲ್ಲೆಗಲ್ಲೊಂದು ಉಳಿದರೇನು, ಅಳಿದರೇನು? ಅದನ್ನು ಕಾಪಾಡುವುದು ಭಕ್ತನಾದವನ ಕರ್ತವ್ಯವೆನ್ನಲು ಆಧಾರವಾದರೂ ಯಾವುದು? ಈ ಪ್ರಶ್ನೆಯನ್ನು ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ವಿಚಾರಿಸೋಣ.

ಈ ಸೀಮೆ ಶಾಸನಗಳ ತವರು. ಬಿ. ಎಲ್. ರೈಸ್ ಅವರು 1894 ಮತ್ತು 1898ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಮತ್ತು ನಾಲ್ಕನೆಯ ಸಂಪುಟಗಳಲ್ಲಿ ಇಲ್ಲಿಯ ಶಾಸನಗಳು ಮೊದಲು ಬೆಳಕು ಕಂಡವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಆ ಮಾಲೆಯನ್ನು ಪರಿಷ್ಕರಿಸಿದಾಗ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳು 1977ರ ಆರನೆಯ ಸಂಪುಟದಲ್ಲಿಯೂ, ನಾಗಮಂಗಲವು 1979ರ ಏಳನೆಯ ಸಂಪುಟದಲ್ಲಿಯೂ ಸೇರಿದವು. ಈ ಸಂಪುಟಗಳ ಪುಟಗಳನ್ನು ತಿರುವಿದವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ. ದಾನ ಕೊಟ್ಟವನ ಬಿರುದಾವಳಿ ಎಷ್ಟೇ ದೀರ್ಘವಾಗಿರಲಿ, ಕೊನೆಗೆ ಶಾಸನವು ನೆಲಕ್ಕಿಳಿದು ಬರುತ್ತದೆ. ಮೂಡಲಿಗೆ ಯಾವ ಮರ, ತೆಂಕಲಿಗೆ ಯಾವ ಹಳ್ಳ, ಪಡುವಲಿಗೆ ಯಾವ ಮೊರಡಿ, ಬಡಗಲಿಗೆ ಯಾವ ಕೆರೆಯ ಕೋಡಿ ಎಂದು ಚತುಸ್ಸೀಮೆಯನ್ನು ಹೇಳುತ್ತದೆ. ಇಂದಿಗೂ ಕ್ರಯಪತ್ರದಲ್ಲಿ ಚಕ್ಕುಬಂದಿ ಎಂದು ನಾವು ಬರೆಸುವುದು ಇದರ ಮುಂದುವರಿಕೆಯೇ. ನಾಗಮಂಗಲ ತಾಲ್ಲೂಕಿನ ದೇವರಹಳ್ಳಿಯ ತಾಮ್ರಶಾಸನವು ಶಕ 698ರದು, ಎಂದರೆ ಕ್ರಿ. ಶ. 776-77ರದು. ಕುಂದಾಚ್ಚಿ ಎಂಬ ರಾಜವಂಶದ ಸ್ತ್ರೀಯು ಕಟ್ಟಿಸಿದ ಲೋಕತಿಲಕವೆಂಬ ಜಿನಾಲಯಕ್ಕೆ ಗಂಗದೊರೆ ಶ್ರೀಪುರುಷನು ಪೊನ್ನಳ್ಳಿಯೆಂಬ ಊರನ್ನು ಬಿಟ್ಟುಕೊಟ್ಟುದನ್ನು ಅದು ತಿಳಿಸುತ್ತದೆ. ಹನ್ನೆರಡು ನೂರು ವರ್ಷಗಳ ಹಿಂದೆಯೇ ಅಲ್ಲಿಯೂ ಊರಿನ ಎಲ್ಲೆಗಳನ್ನು ದಿಕ್ಕು ಹಿಡಿದು ಗುರುತಿಸಲಾಗಿದೆ.

ಮರ ಒಣಗಬಹುದು, ಹಳ್ಳ ದಾರಿ ಬದಲಿಸಬಹುದು. ಆದುದರಿಂದ ಹಿರಿಯರು ಕಲ್ಲು ನೆಡಿಸಿದರು. ಶಿವಾಲಯಕ್ಕೋ ಶೈವಮಠಕ್ಕೋ ಬಿಟ್ಟ ಭೂಮಿಯ ಎಲ್ಲೆಯಲ್ಲಿ ಲಿಂಗಮುದ್ರೆಯ ಕಲ್ಲು. ಬ್ರಾಹ್ಮಣರಿಗೆ ಕೊಟ್ಟ ಭೂಮಿಗೆ ವಾಮನಮುದ್ರೆಯ ಕಲ್ಲು. ವಿಷ್ಣ್ವಾಲಯಕ್ಕೆ ಶಂಖಚಕ್ರಗಳ ಗುರುತು. ಬಸದಿಯ ಭೂಮಿಗೆ ಮುಕ್ಕೊಡೆಯ ಕಲ್ಲು. ಮೇಲ್ಗಡೆ ಸೂರ್ಯಚಂದ್ರರ ರೂಪ. ಓದು ಬಾರದ ಒಕ್ಕಲಿಗನೂ ದನಗಾಹಿ ಹುಡುಗನೂ ಕಣ್ಣಿನಿಂದಲೇ ಅರಿಯಬಹುದಾದ ಲಿಪಿಯದು. ಮೇಲುಕೋಟೆ ತೊಣ್ಣೂರುಗಳ ವೈಷ್ಣವ ಕ್ಷೇತ್ರ, ಕಂಬದಹಳ್ಳಿಯ ಬಸದಿ, ಕಿಕ್ಕೇರಿ ಗೋವಿಂದನಹಳ್ಳಿಗಳ ಶಿವಾಲಯ ಇವೆಲ್ಲ ಒಂದೆರಡು ದಿನದ ಕಾಲುನಡಿಗೆಯೊಳಗೇ ಇರುವ ಈ ನಾಡಿನಲ್ಲಿ ಮುದ್ರೆಗಳು ಬೇರೆಬೇರೆಯಾಗಿದ್ದುದು ಸಹಜ. ಮುದ್ರೆ ಬೇರೆಯಾದರೂ ಅವು ಆಡುವ ಮಾತು ಒಂದೇ ಎಂಬುದನ್ನು ನಾವು ಮರೆಯಲಾಗದು.

ಆ ಮಾತು ಯಾವುದು? ಮೇಲುನೋಟಕ್ಕೆ ಎಲ್ಲೆಗಲ್ಲು ಇದು ನನ್ನದು ಎಂದು ಹೇಳುವಂತೆ ತೋರುತ್ತದೆ. ಸ್ವಲ್ಪ ಆಳವಾಗಿ ಯೋಚಿಸಿದರೆ ಅದು ಇದು ನನ್ನದಲ್ಲ ಎಂದು ಹೇಳಲು ಹುಟ್ಟಿದ ಕಲ್ಲೆಂಬುದು ಅರಿವಾಗುತ್ತದೆ. ಅದನ್ನು ನೆಡಿಸಿದವನು ಅರಸ. ಅವನ ಕೈಯಲ್ಲಿ ದಂಡಿದೆ, ಭಂಡಾರವಿದೆ, ಬಾಯಿಂದ ಹೊರಟ ಮಾತೇ ಶಾಸನವಾಗುವ ಅಧಿಕಾರವಿದೆ. ಅಂತಹವನು ಒಂದು ಕಲ್ಲು ನೆಡಿಸಿ, ಇಲ್ಲಿಂದಾಚೆಗೆ ನನ್ನ ಕೈ ನೀಡುವುದಿಲ್ಲ ಎಂದು ಲೋಕದೆದುರು ಒಪ್ಪಿಕೊಳ್ಳುತ್ತಾನೆ. ಕಲ್ಲು ಮೊದಲು ತಡೆಯುವುದು ಕೊಟ್ಟವನ ಕೈಯನ್ನೇ. ದಾನಶಾಸನಗಳ ಕೊನೆಯಲ್ಲಿ ಬರುವ ಶಾಪವಾಕ್ಯಗಳನ್ನು ಈ ಬೆಳಕಿನಲ್ಲಿ ಓದಬೇಕು. ಕೊಟ್ಟದ್ದನ್ನು ಕಿತ್ತುಕೊಂಡವನು ಬಹು ಸಹಸ್ರ ವರ್ಷ ಹುಳುವಾಗಿ ಹುಟ್ಟುವನೆಂಬ ಆ ಕಠೋರ ಮಾತು ಯಾರನ್ನು ಕುರಿತದ್ದು? ಬಡ ಒಕ್ಕಲನ್ನು ಹೆದರಿಸಲು ಅಷ್ಟು ದೊಡ್ಡ ಶಾಪ ಬೇಕಿರಲಿಲ್ಲ. ಅವನಿಗೆ ಊರಗೌಡನ ಗದರಿಕೆಯೇ ಸಾಕು. ಮುಂದೆ ಪಟ್ಟವೇರುವ ತನ್ನ ಮಗ, ಮೊಮ್ಮಗ, ನಾಡನ್ನು ಗೆದ್ದು ಬರುವ ಹೊಸ ಅರಸ, ಇವರನ್ನು ತಡೆಯುವ ಶಕ್ತಿ ಯಾವ ಕಾವಲುಗಾರನಿಗೂ ಇಲ್ಲವೆಂದು ಬಲ್ಲ ದೊರೆ, ಕಲ್ಲನ್ನೂ ಧರ್ಮಭೀತಿಯನ್ನೂ ಕಾವಲಿಗಿಟ್ಟ.

ಈ ಭಾವನೆ ಒಂದು ಮತಕ್ಕೆ ಸೇರಿದುದಲ್ಲ. ಕೃಷ್ಣರಾಜಸಾಗರದ ಕಟ್ಟೆಯ ಬಳಿ ಟಿಪ್ಪು ಸುಲ್ತಾನನ ಕಾಲದ, 1794ರ ಪಾರಸಿ ಶಾಸನವನ್ನು ಇಂದಿಗೂ ಕಾಣಬಹುದು. ಕಾವೇರಿಗೆ ಕಟ್ಟೆ ಕಟ್ಟುವ ಸಂಕಲ್ಪವನ್ನು ಹೇಳುವ ಆ ಕಲ್ಲು, ಹೊಸದಾಗಿ ಭೂಮಿಯನ್ನು ಉತ್ತವನಿಗೆ ಸರ್ಕಾರದ ಪಾಲಿನಲ್ಲಿ ನಾಲ್ಕರಲ್ಲೊಂದಂಶವನ್ನು ಬಿಟ್ಟುಕೊಟ್ಟು, ಆ ಭೂಮಿ ಭೂಮ್ಯಾಕಾಶಗಳಿರುವವರೆಗೆ ಅವನ ಸಂತತಿಗೇ ಇರತಕ್ಕದ್ದೆಂದು ಸಾರುತ್ತದೆ. ಅದಕ್ಕೆ ಅಡ್ಡಿಮಾಡಿದವನನ್ನು ಮನುಷ್ಯಕುಲದ ವೈರಿಯೆಂದು ಶಪಿಸುತ್ತದೆ. ಲಿಂಗಮುದ್ರೆಯ ಕಲ್ಲಿಗೂ ಈ ಪಾರಸಿ ಕಲ್ಲಿಗೂ ಭಾಷೆ ಬೇರೆ, ದೈವದ ಹೆಸರು ಬೇರೆ. ಬಲವುಳ್ಳವನು ತನಗೆ ತಾನೇ ಮಿತಿ ಹಾಕಿಕೊಂಡನೆಂಬ ಸಂಗತಿ ಎರಡರಲ್ಲಿಯೂ ಒಂದೇ.

ಇದಕ್ಕೆ ಎದುರಾಗಿ ಇನ್ನೊಂದು ಬಗೆಯ ಕಲ್ಲನ್ನು ನೋಡಿ. ಶ್ರೀರಂಗಪಟ್ಟಣದ ಕೋಟೆ ಬಿರಿದ ಸ್ಥಳದ ಬಳಿ, 1799ರ ಮುತ್ತಿಗೆಯಲ್ಲಿ ಮಡಿದ ಬ್ರಿಟಿಷ್ ಅಧಿಕಾರಿಗಳ ನೆನಪಿಗಾಗಿ ಮೈಸೂರು ಸರ್ಕಾರ 1907ರಲ್ಲಿ ನಿಲ್ಲಿಸಿದ ಎತ್ತರದ ಸ್ತಂಭವಿದೆ. ಅದು ನಡೆದುಹೋದ ಯುದ್ಧದ ಕಲ್ಲು; ಗೆದ್ದವರ ನೆನಪನ್ನು ಎತ್ತಿ ಹಿಡಿಯುವ ಕಲ್ಲು. ಯಾತ್ರಿಕರು ಅದನ್ನು ಕತ್ತೆತ್ತಿ ನೋಡುತ್ತಾರೆ. ಎಲ್ಲೆಗಲ್ಲನ್ನು ನೋಡಲು ಬಗ್ಗಬೇಕು. ಅದು ಮೊಳಕಾಲೆತ್ತರವಿದ್ದು, ಅರ್ಧ ಮಣ್ಣಿನಲ್ಲಿ ಹೂತು, ಹುಲ್ಲಿನ ಮರೆಯಲ್ಲಿರುತ್ತದೆ. ಚರಿತ್ರೆ ಇವೆರಡನ್ನೂ ನಮಗೆ ಒಪ್ಪಿಸಿದೆ. ಯಾವುದರಿಂದ ನಾವು ಬದುಕುವುದನ್ನು ಕಲಿಯಬೇಕೆಂಬ ಆಯ್ಕೆ ಮಾತ್ರ ನಮ್ಮದು.

ಇನ್ನು ಮೊದಲಿನ ಆಕ್ಷೇಪಕ್ಕೆ ಬರೋಣ. ಸ್ಥಾವರವು ಅಳಿಯತಕ್ಕದ್ದೆಂದು ಶರಣರು ಹೇಳಿದುದು ಸತ್ಯ. ಆದರೆ ಅವರು ನಿರಾಕರಿಸಿದುದು, ಕಲ್ಲನ್ನು ಕಟ್ಟಿ ನಿಲ್ಲಿಸಿ ಬದುಕನ್ನು ಮರೆಯುವ ಭ್ರಾಂತಿಯನ್ನು. ಎಲ್ಲೆಗಲ್ಲು ತಾನು ದೇವರೆಂದು ಎಂದೂ ಹೇಳಿಕೊಂಡಿಲ್ಲ. ಅದರ ಮೇಲಿನ ಲಿಂಗವೂ ಪೂಜೆಗಾಗಿ ಕೊರೆದುದಲ್ಲ, ಸಾಕ್ಷಿಗಾಗಿ ಕೊರೆದುದು. ಒಬ್ಬನು ಕೊಟ್ಟ ಮಾತು, ಅವನ ಉಸಿರು ನಿಂತ ಮೇಲೆಯೂ ಊರಿನ ನಡುವೆ ನಡೆದಾಡಬೇಕು. ಹಾಗೆ ನಡೆದಾಡುವ ಮಾತು ಜಂಗಮವೇ ಸರಿ. ಕಲ್ಲು ಅದಕ್ಕೆ ಊರುಗೋಲು. ನಡೆಯುವವನನ್ನು ಬಿಟ್ಟು ಊರುಗೋಲನ್ನು ಪೂಜಿಸುವುದು ಮೌಢ್ಯ. ನಡೆಯುವವನಿಂದ ಊರುಗೋಲನ್ನು ಕಸಿದುಕೊಳ್ಳುವುದು ಕ್ರೌರ್ಯ.

ಎರಡನೆಯ ಆಕ್ಷೇಪ ಇದಕ್ಕಿಂತ ತೀಕ್ಷ್ಣವಾದುದು. ಶರಣರು ಎಲ್ಲೆಗಳನ್ನು ಮುರಿದವರಲ್ಲವೆ? ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ವಿವಾಹ ನಡೆದಾಗ ಕಲ್ಯಾಣದಲ್ಲಿ ಸಾವಿರಾರು ವರ್ಷಗಳ ಎಲ್ಲೆಯೊಂದು ಮುರಿದುಬಿತ್ತು. ಅದಕ್ಕಾಗಿ ಅವರು ಪ್ರಾಣವನ್ನೇ ತೆತ್ತರು. ನಮ್ಮ ಊರುಗಳ ಎಲ್ಲೆಯೂ ಬರಿಯ ಭೂಮಿಯ ಅಳತೆಯಾಗಿ ಉಳಿದಿರಲಿಲ್ಲ. ಅದರ ಆಚೆಗೆ ಕೇರಿಯೊಂದನ್ನು ತಳ್ಳಿ, ಅಲ್ಲಿಯ ಜನರಿಗೆ ಬಾವಿಯನ್ನೂ ಗುಡಿಯನ್ನೂ ನಿರಾಕರಿಸಿದುದು ಇದೇ ನೆಲದಲ್ಲಿ. ಇದನ್ನು ಮರೆಮಾಚಿ ಎಲ್ಲೆಯ ಮಹಿಮೆಯನ್ನು ಹೊಗಳಿದರೆ ಆ ಹೊಗಳಿಕೆ ಸುಳ್ಳಾಗುತ್ತದೆ.

ಆದುದರಿಂದ ಎರಡು ಬಗೆಯ ಎಲ್ಲೆಗಳನ್ನು ನಾವು ಬೇರ್ಪಡಿಸಿ ಅರಿಯಬೇಕು. ಒಂದು ಎಲ್ಲೆ ಬಲವುಳ್ಳವರು ಬಲವಿಲ್ಲದವರ ಸುತ್ತ ಹಾಕಿದುದು. ನೀನು ಇತ್ತ ಬರಕೂಡದು ಎನ್ನುವಂಥದು. ಇನ್ನೊಂದು ಬಲವುಳ್ಳವನು ತನ್ನ ಸುತ್ತ ಹಾಕಿಕೊಂಡುದು. ನಾನು ಅತ್ತ ಹೋಗಕೂಡದು ಎನ್ನುವಂಥದು. ಮೊದಲನೆಯದನ್ನು ಶರಣರು ಮುರಿದರು. ಎರಡನೆಯದನ್ನು ಅವರು ಮುರಿಯಲಿಲ್ಲ, ಇನ್ನಷ್ಟು ಬಿಗಿಗೊಳಿಸಿದರು. ಆಯ್ದಕ್ಕಿ ಮಾರಯ್ಯನ ಕಥೆ ತಮಗೆಲ್ಲ ತಿಳಿದುದೇ. ನೆಲದ ಮೇಲೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ತಂದನು. ಲಕ್ಕಮ್ಮ ಅದನ್ನು ಒಪ್ಪಲಿಲ್ಲ. ಹೆಚ್ಚಿನ ಅಕ್ಕಿಯನ್ನು ತಂದಲ್ಲಿಗೇ ಮರಳಿ ಹಾಕಿಬರುವಂತೆ ಹೇಳಿದಳು. ಆ ಅಕ್ಕಿ ಕದ್ದುದಲ್ಲ, ಯಾರಿಗೂ ಬೇಡವಾಗಿ ಚೆಲ್ಲಿಹೋದದ್ದು, ಅದೂ ದಾಸೋಹಕ್ಕಾಗಿ ತಂದದ್ದು. ಆದರೂ ಲಕ್ಕಮ್ಮನಿಗೆ ಅಲ್ಲೊಂದು ಎಲ್ಲೆ ಕಂಡಿತು. ಅವಳ ಮನೆಯಂಗಳದಲ್ಲಿ ಯಾವ ಅರಸನೂ ಕಲ್ಲು ನೆಡಿಸಿರಲಿಲ್ಲ. ಎಲ್ಲೆಗಲ್ಲು ಮನಸ್ಸಿನಲ್ಲಿರುವವರಿಗೆ ಹೊಲದಲ್ಲಿ ಕಲ್ಲು ಬೇಕಾಗಿಲ್ಲವೆಂಬುದು ನಿಜ. ಆದರೆ ನಮ್ಮಲ್ಲಿ ಲಕ್ಕಮ್ಮನಂತಹವರು ಎಷ್ಟು ಮಂದಿ? ಉಳಿದವರಿಗಾಗಿಯೇ ಕಲ್ಲು ಹುಟ್ಟಿತು.

ಮೂರನೆಯ ಆಕ್ಷೇಪ ವ್ಯವಹಾರದ್ದು. ಲಿಂಗಮುದ್ರೆಯ ಕಲ್ಲು ಗುರುತಿಸಿದ ಭೂಮಿ ಇಂದು ಆ ದೇವಾಲಯದ್ದೂ ಅಲ್ಲ, ಆ ಮಠದ್ದೂ ಅಲ್ಲ. 1955ರ ಮೈಸೂರು ಧಾರ್ಮಿಕ ಮತ್ತು ಧರ್ಮಾದಾಯ ಇನಾಂ ರದ್ದಿಯಾತಿ ಅಧಿನಿಯಮದಿಂದ ಅಂತಹ ಇನಾಮುಗಳು ಕೊನೆಗೊಂಡವು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿದಾರರು ಒಡೆಯರಾದರು. ಹಾಗಾದರೆ ಕಲ್ಲಿನ ಮಾತು ಸುಳ್ಳಾಯಿತೆ? ಇಲ್ಲಿ ಮಠದ ಅಭಿಮಾನಿಗಳಾದ ನಾವು ನಿಷ್ಠುರವಾಗಿ ಮಾತನಾಡಬೇಕು. ಉತ್ತು ಬಿತ್ತಿದ ಕೈಗೆ ಭೂಮಿ ಸೇರಿದುದು ಕಾಯಕತತ್ತ್ವಕ್ಕೆ ಒಪ್ಪುವ ಸಂಗತಿ. ಕಲ್ಲನ್ನು ಹಕ್ಕಿನ ದಾಖಲೆಯೆಂದು ಹಿಡಿದು ಒಬ್ಬ ರೈತನನ್ನು ಎಬ್ಬಿಸಲು ಹೊರಡುವುದು ಆ ಕಲ್ಲಿಗೇ ಮಾಡುವ ಅಪಚಾರ. ಬಿಟ್ಟುಕೊಟ್ಟ ಮಾತನ್ನು ಕಸಿದುಕೊಳ್ಳುವ ಮಾತಾಗಿ ತಿರುಗಿಸಿದಂತೆ. ಕಲ್ಲಿನ ಕಾನೂನುಬಲ ತೀರಿದೆ. ಅದು ಹೇಳುವ ಸಂಯಮ ತೀರಿಲ್ಲ. ಲಾಭದ ಆಸೆಯೆಲ್ಲ ಕಳಚಿಹೋದ ಮೇಲೆ ಅದನ್ನು ಕಾಪಾಡುವುದೇ ನಿಷ್ಕಾಮವಾದ ರಕ್ಷಣೆ.

ರಾಜ್ಯಗಳ ಎಲ್ಲೆಯೂ ಶಾಶ್ವತವಲ್ಲವೆಂಬುದಕ್ಕೆ ಶ್ರೀರಂಗಪಟ್ಟಣವೇ ನಿದರ್ಶನ. 1799ರ ಒಪ್ಪಂದದಂತೆ ಆ ದ್ವೀಪವು ಈಸ್ಟ್ ಇಂಡಿಯಾ ಕಂಪೆನಿಯ ವಶವಾಯಿತು. ಕಾವೇರಿಯ ಕವಲುಗಳೇ ಎರಡು ಪ್ರಭುತ್ವಗಳ ನಡುವಣ ಗಡಿಯಾದವು. 1881ರಲ್ಲಿ ಮೈಸೂರು ರಾಜ್ಯವನ್ನು ಮಹಾರಾಜರಿಗೆ ಮರಳಿ ಒಪ್ಪಿಸಿದಾಗ, ಬೆಂಗಳೂರಿನ ದಂಡು ಪ್ರದೇಶಕ್ಕೆ ವಿನಿಮಯವಾಗಿ ದ್ವೀಪವು ಮೈಸೂರಿಗೆ ಸೇರಿತು. ಫ್ರೆಂಚ್ ರಾಕ್ಸ್ ಎಂಬ ಹೆಸರಿನ ಊರು ಪಾಂಡವಪುರವಾಯಿತು, ಅತ್ತಿಗುಪ್ಪೆ ಕೃಷ್ಣರಾಜಪೇಟೆಯಾಯಿತು, 1939ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಮಂಡ್ಯ ಜಿಲ್ಲೆಯೇ ಹೊಸದಾಗಿ ಹುಟ್ಟಿತು. ಅಧಿಕಾರದ ಗೆರೆಗಳು ಹೀಗೆ ಬದಲಾಗುತ್ತಲೇ ಇರುತ್ತವೆ, ಬದಲಾಗಲೂಬೇಕು. ಎಲ್ಲೆಗಲ್ಲನ್ನು ಉಳಿಸುವುದೆಂದರೆ ಹಳೆಯ ಗೆರೆಯನ್ನು ಮತ್ತೆ ಎಳೆಯುವುದಲ್ಲ. ಗೆರೆಗೆ ಒಮ್ಮೆ ಜನರು ಬೆಲೆ ಕೊಟ್ಟರೆಂಬ ನೆನಪನ್ನು ಉಳಿಸುವುದು.

ನೆನಪಿನ ಗುರುತನ್ನು ಉಳಿಸಿ ನೆನಪನ್ನೇ ಕಳೆದುಕೊಳ್ಳುವ ಅಪಾಯವೂ ಉಂಟು. ಬೆಂಗಳೂರಿನ ನಾಲ್ಕು ದಿಕ್ಕಿನ ಗೋಪುರಗಳನ್ನು ತಾವು ನೋಡಿರಬಹುದು. ಲಾಲ್‌ಬಾಗಿನ ಬಂಡೆಯ ಮೇಲೆ ಒಂದು, ಕೆಂಪಾಂಬುಧಿ ಕೆರೆಯ ಬಳಿ ಒಂದು, ಹಲಸೂರು ಕೆರೆಯ ಬಳಿ ಒಂದು, ಮೇಖ್ರಿ ವೃತ್ತದ ಸಮೀಪ ಇನ್ನೊಂದು. ಪಟ್ಟಣ ಇಲ್ಲಿಯವರೆಗೆ ಬೆಳೆಯಲೆಂದು ಕೆಂಪೇಗೌಡರ ವಂಶದವರು ನಿಲ್ಲಿಸಿದ ಎಲ್ಲೆಗುರುತುಗಳಿವು ಎಂಬುದು ಜನರ ನಂಬಿಕೆ. ಪಟ್ಟಣವು ಆ ಎಲ್ಲೆಯನ್ನು ದಾಟಿ ಎಷ್ಟೋ ಹರದಾರಿ ಮುಂದೆ ಹೋಗಿದೆ. ಗೋಪುರಗಳು ಉಳಿದಿವೆ, ಅದು ಸಂತೋಷ. ಆದರೆ ಧರ್ಮಾಂಬುಧಿ ಕೆರೆಯಿದ್ದಲ್ಲಿ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಅಂಗಳದಲ್ಲಿ ಕ್ರೀಡಾಂಗಣವಿದೆ. ಇಲ್ಲಿಯವರೆಗೆ ಸಾಕು ಎಂದು ಹೇಳಿದ ಗುರುತನ್ನು ರಕ್ಷಿಸಿ, ಸಾಕು ಎಂಬ ಮಾತನ್ನು ಕೇಳದೆ ಹೋದಂತಾಯಿತು. ಬೆಳೆಯುತ್ತಿರುವ ನಮ್ಮ ಪುರಸಭೆಗಳ ಊರುಗಳೂ ಇದೇ ದಾರಿಯನ್ನು ಹಿಡಿಯಬೇಕೆ ಎಂದು ಯೋಚಿಸುವ ಕಾಲವಿದು.

ಕಾನೂನು ತನ್ನ ಕೆಲಸವನ್ನು ಒಂದಿಷ್ಟು ಮಾಡಿದೆ. ಕೇಂದ್ರದ 1958ರ ಅಧಿನಿಯಮ, ನಮ್ಮ ರಾಜ್ಯದ 1961ರ ಅಧಿನಿಯಮಗಳು ಪ್ರಾಚೀನ ಸ್ಮಾರಕಗಳಿಗೆ ರಕ್ಷಣೆ ಕೊಡುತ್ತವೆ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮವು, ಭೂಮಿ ಹಿಡಿದವನೇ ತನ್ನ ಎಲ್ಲೆಗುರುತುಗಳನ್ನು ಸುಸ್ಥಿತಿಯಲ್ಲಿಡತಕ್ಕದ್ದೆಂದು ವಿಧಿಸುತ್ತದೆ. ನಾಡಿನ ಸಮ್ಮಿಶ್ರ ಸಂಸ್ಕೃತಿಯ ಪರಂಪರೆಯನ್ನು ಗೌರವಿಸಿ ಉಳಿಸುವುದು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯವೆಂದು 1976ರ ತಿದ್ದುಪಡಿಯ ಮೂಲಕ ಸಂವಿಧಾನದಲ್ಲಿ ಸೇರಿತು. ಆದರೆ ದೊಡ್ಡ ದೇವಾಲಯ, ಕೋಟೆ, ಅರಮನೆಗಳಿಗೆ ಕಾವಲುಗಾರನನ್ನು ನೇಮಿಸಬಹುದು. ಪ್ರತಿಯೊಂದು ಬದುವಿನ ಕಲ್ಲಿಗೂ ಒಬ್ಬೊಬ್ಬ ಕಾವಲುಗಾರನನ್ನು ನೇಮಿಸುವುದು ಯಾವ ಸರ್ಕಾರಕ್ಕೂ ಆಗದ ಮಾತು. ಆ ಕೆಲಸ ಊರಿನವರದು.

ಊರಿನವರು ಮಾಡಬಹುದಾದ ತಪ್ಪುಗಳು ಮೂರು. ಅಡ್ಡ ಬಂತೆಂದು ಕಿತ್ತು ಚಪ್ಪಡಿಯಾಗಿ ಬಳಸುವುದು ಒಂದು. ಅಡಿಯಲ್ಲಿ ನಿಧಿಯಿದೆಯೆಂಬ ದುರಾಸೆಯಿಂದ ಅಗೆದು ಕೆಡಹುವುದು ಎರಡು. ಸಾಕು ಎಂದು ಹೇಳುವ ಕಲ್ಲಿನ ಬುಡದಲ್ಲೇ ದುರಾಸೆಯ ಗುದ್ದಲಿ ಬೀಳುವುದಕ್ಕಿಂತ ದೊಡ್ಡ ವಿಪರ್ಯಾಸ ಯಾವುದಿದೆ! ಮೂರನೆಯದು ಭಕ್ತಿಯ ಹೆಸರಿನದು. ಬಣ್ಣ ಬಳಿದು, ಎಣ್ಣೆ ಹೊಯ್ದು, ಸಿಮೆಂಟಿನ ಗುಡಿ ಕಟ್ಟಿ ಕಲ್ಲಿನ ಬಾಯಿಯನ್ನೇ ಮುಚ್ಚುವುದು. ಇಲ್ಲವೆ ಅಭಿಮಾನದಿಂದ ಹೊತ್ತು ತಂದು ಶಾಲೆಯ ಮುಂದೋ ಮಠದ ಅಂಗಳದಲ್ಲೋ ನಿಲ್ಲಿಸುವುದು. ವಿಗ್ರಹವನ್ನು ಎಲ್ಲಿಟ್ಟರೂ ಅದರ ರೂಪ ಉಳಿಯುತ್ತದೆ. ಎಲ್ಲೆಗಲ್ಲು ಸ್ಥಳ ಬಿಟ್ಟರೆ ಅರ್ಥವನ್ನೇ ಬಿಟ್ಟಂತೆ. ಇಲ್ಲಿಯವರೆಗೆ ಎಂಬ ಮಾತಿನಿಂದ ಇಲ್ಲಿ ಎಂಬುದನ್ನು ಕಿತ್ತುಹಾಕಿದರೆ ಉಳಿಯುವುದೇನು?

ನಮ್ಮ ಮಠಗಳ ಆಶ್ರಯದಲ್ಲಿ ಓದಿ ಈಗ ಉಪಾಧ್ಯಾಯರಾಗಿ, ಭೂಮಾಪಕರಾಗಿ, ಗ್ರಾಮ ಪಂಚಾಯತಿಯ ಸದಸ್ಯರಾಗಿ ಸೇವೆ ಸಲ್ಲಿಸುತ್ತಿರುವವರು ಅನೇಕರಿದ್ದೀರಿ. ತಮ್ಮ ಊರಿನ ಸೀಮೆಯನ್ನು ಒಮ್ಮೆ ಸುತ್ತಿಬನ್ನಿ. ಮುದ್ರೆಯುಳ್ಳ ಕಲ್ಲು ಕಂಡರೆ ಅದನ್ನು ಅಲುಗಿಸದೆ ಎತ್ತರ, ದಿಕ್ಕು, ಗುರುತು, ಸರ್ವೆ ನಂಬರುಗಳನ್ನು ಬರೆದಿಟ್ಟು, ಚಿತ್ರ ತೆಗೆದು ಪುರಾತತ್ತ್ವ ಇಲಾಖೆಗೆ ತಿಳಿಸಿ. ಆ ಹೊಲದ ಒಡೆಯನಿಗೆ ಕಲ್ಲಿನಿಂದ ಅವನ ಹಕ್ಕಿಗೆ ಯಾವ ಕುಂದೂ ಇಲ್ಲವೆಂಬ ಧೈರ್ಯವನ್ನು ಹೇಳಿ. ಎಷ್ಟೋ ಕಲ್ಲುಗಳು ಮಾಯವಾಗುವುದು ಆ ಭಯದಿಂದಲೇ. ಮಕ್ಕಳನ್ನು ಕರೆದೊಯ್ದು ಅದರ ಮುಂದೆ ಕುಳ್ಳಿರಿಸಿ, ಇದನ್ನು ನೆಡಿಸಿದವನು ಏನನ್ನು ಬಿಟ್ಟುಕೊಟ್ಟನೆಂದು ಕೇಳಿ. ಏನನ್ನು ಪಡೆದನೆಂದು ಕೇಳುವ ಪಾಠಗಳು ಅವರಿಗೆ ಬೇರೆಡೆ ಸಾಕಷ್ಟಿವೆ.

ಇಷ್ಟೆಲ್ಲ ಮಾಡಿದ ಮೇಲೆಯೂ ಒಂದು ಪರೀಕ್ಷೆ ಉಳಿಯುತ್ತದೆ. ಅದು ಇಲಾಖೆಯವರು ಬಂದು ಮಾಡುವ ಪರೀಕ್ಷೆಯಲ್ಲ. ಮುಂಗಾರಿನಲ್ಲಿ ನೇಗಿಲು ಹೂಡಿದಾಗ, ಇಂದು ಟ್ರಾಕ್ಟರ್ ತಿರುಗಿಸುವಾಗ, ನೆರೆಯವನ ಬದುವಿನಿಂದ ವರ್ಷಕ್ಕೊಂದು ಗೇಣಿನಷ್ಟು ಮಣ್ಣನ್ನು ಕೆರೆದುಕೊಳ್ಳುವ ಚಪಲ ನಮ್ಮ ಕೈಗೆ ಬರುತ್ತದೆ. ಅಣ್ಣತಮ್ಮಂದಿರು ಇಂತಹ ಒಂದು ಗೇಣಿಗಾಗಿ ವರ್ಷಗಟ್ಟಲೆ ನ್ಯಾಯಾಲಯದ ಕಟ್ಟೆ ಹತ್ತಿ ಇಳಿಯುತ್ತಾರೆ. ಗೋಮಾಳ, ಕೆರೆಯಂಗಳ, ಸ್ಮಶಾನದ ದಾರಿ ಇವುಗಳ ಎಲ್ಲೆ ಯಾರೂ ನೋಡದ ಹೊತ್ತಿನಲ್ಲಿ ಒಳಸರಿಯುತ್ತದೆ. ಕೇಳುವ ಒಡೆಯನಿಲ್ಲದ ಭೂಮಿಯ ಮುಂದೆ ನಮ್ಮ ಕೈ ನಿಲ್ಲುತ್ತದೆಯೆ, ಮುಂದಕ್ಕೆ ಚಾಚುತ್ತದೆಯೆ ಎಂಬುದರಲ್ಲಿ ನಮ್ಮ ಲಿಂಗಧಾರಣೆಯ ಅರ್ಥವೂ ಅಡಗಿದೆ. ಎದೆಯ ಮೇಲಿನ ಲಿಂಗ ನೋಡುತ್ತಿರುವಾಗಲೇ ಎಲ್ಲೆಯ ಮೇಲಿನ ಲಿಂಗವನ್ನು ದಾಟುವವನಿಗೆ ಯಾವ ಲಿಂಗವೂ ಕಂಡಿಲ್ಲವೆಂದೇ ಹೇಳಬೇಕು.

ಆದುದರಿಂದ, ವಾಚಕರೇ, ಕಲ್ಲನ್ನು ಕಾಪಾಡಿ. ಅದಕ್ಕೆ ಮೊದಲು ಈ ವರ್ಷದ ಉಳುಮೆಯಲ್ಲಿ ನೆರೆಯವನ ಬದುವನ್ನು ಅದಿದ್ದಲ್ಲಿಯೇ ಬಿಡಿ. ಹಿಂದೆ ಒತ್ತಿಕೊಂಡದ್ದಿದ್ದರೆ ಮರಳಿ ಬಿಟ್ಟುಕೊಡಿ. ಲಕ್ಕಮ್ಮನ ಮನೆಯಿಂದ ಮರಳಿಹೋದ ಅಕ್ಕಿಯಂತೆ ಆ ಒಂದು ಗೇಣು ಮಣ್ಣೂ ತನ್ನ ಸ್ಥಳಕ್ಕೆ ಮರಳಲಿ.